ಹಿಂದೆ ತಿರುಗದ ಮರಿಲಿಂಗಪ್ಪನ ಸುರಪುರದ ಸೈರು

ಶಹಾಪುರದ ಅಡತಿ ಅಂಗಡಿಯ ಗುಮಾಸ್ತ ಮರಿಲಿಂಗಪ್ಪ ಸುರಪುರದಲ್ಲಿ ತನ್ನ ಸ್ವಂತ ಹೆಂಡತಿಯನ್ನು ಕಳೆದುಕೊಂಡು, ಬೇರೊಬ್ಬನ ಮುದುಕಿಗೆ ಪೇಡೆ ತಿನ್ನಿಸಿದ ಎಂಬ ಸುದ್ದಿ ಯಾದಗಿರಿ ಟೇಶನ್ನಿನ ತನಕ ಹಬ್ಬಿದೆ. ಸುದ್ದಿಯೇನೋ ನಿಜ. ಆದರೆ ಹೇಳುವವರು ಅದಕ್ಕೆ ಉಪ್ಪುಖಾರ ಹಚ್ಚಿ, ಮುದುಕಿಯ ವಯಸ್ಸನ್ನು ಇಳಿಸುತ್ತ, ಪೇಡೆಯ ತೂಕವನ್ನು ಏರಿಸುತ್ತ ಹೋಗಿದ್ದಾರೆ. ಹೀಗೇ ಬಿಟ್ಟರೆ ಬರುವ ದೀವಳಿಗೆಯ ಹೊತ್ತಿಗೆ ಮುದುಕಿ ಹದಿನಾರರ ಹುಡುಗಿಯಾಗಿ, ಪೇಡೆ ಬಂಗಾರದ ಸರವಾಗುವುದು ಖಂಡಿತ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಹೇಳುವ ಭಾರ ನನ್ನ ಮೇಲೆ ಬಿದ್ದಿದೆ.

ಎಲ್ಲಕ್ಕೂ ಮೂಲ ಊಟಿ. ಮರಿಲಿಂಗಪ್ಪನ ಮಗ್ಗುಲ ಮನೆಯಲ್ಲಿ ಕಚೇರಿಯ ಪೇಶ್ಕಾರರಾಗಿ ನಿವೃತ್ತರಾದ ಮನ್ಸೂರಅಲಿ ಸಾಹೇಬರು ಇದ್ದರು. ಅವರ ಕೆಮ್ಮಿಗೆ ಹವಾ ಬದಲಾಗಬೇಕೆಂದು ಹೈದರಾಬಾದಿನ ಡಾಕ್ಟರು ಹೇಳಿದ್ದರಿಂದ, ಹೆಂಡತಿ ಗೌಹರಬೇಗಮ್ಮನವರನ್ನು ಕರೆದುಕೊಂಡು ಊಟಿಗೆ ಹೋಗಿಬಂದರು. ಸಾಹೇಬರ ಕೆಮ್ಮು ಹೋಗಲಿಲ್ಲ, ಬೇಗಮ್ಮನವರಿಗೆ ಮಾತ್ರ ಊಟಿ ಹತ್ತಿಕೊಂಡಿತು. ಎರಡೂ ಮನೆಗಳ ನಡುವಿನ ಗೋಡೆಗೆ ಒಂದು ತಿಪಾಯಿ ಹಾಕಿ ಹತ್ತಿ ನಿಂತು, ದಿನಾ ಮಧ್ಯಾಹ್ನ ಮರಿಲಿಂಗಪ್ಪನ ಹೆಂಡತಿ ಮಲ್ಲಿಕಮ್ಮನಿಗೆ ಊಟಿಯ ಪುರಾಣ ಹೇಳತೊಡಗಿದರು.

"ಕ್ಯಾ ಬೋಲೂಂ ಮಲ್ಲಿಕಮ್ಮಾ! ಅಲ್ಲಿ ಗುಡ್ಡಕ್ಕ ಗುಡ್ಡ ಅನ್ನಂಗಿಲ್ಲ, ಪಾಯಿಂಟು ಅಂತಾರ. ಒಂದೊಂದು ಪಾಯಿಂಟಿನ್ಯಾಗೂ ನಮ್ಮ ಸಾಹೇಬ್ರು ಬಾಜೂಕ ನಿಂತು, ದೇಖೋ ಬೇಗಂ, ಇದು ಹಿಂಗದ, ಅದು ಹಂಗದ ಅಂತ ಸಮಜಾಯಿಸಿ ಹೇಳಿದ್ರು. ಲಗ್ನ ಆದಾಗಿಂದ ನನ್ನ ಕೂಡ ಅಷ್ಟು ಮಾತು ಆಡಿದ್ದಿಲ್ಲ, ಖುದಾ ಕಸಮ್!"

ಮಲ್ಲಿಕಮ್ಮನ ಎದೆಗೆ ತಾಕಿದ್ದು ಊಟಿಯಲ್ಲ, ಪಾಯಿಂಟೂ ಅಲ್ಲ. 'ಬಾಜೂಕ ನಿಂತು' ಎಂಬ ಎರಡು ಮಾತು. ಯಾಕೆಂದರೆ ಅವಳ ಗಂಡ ಅವಳ ಬಾಜೂಕ, ಮಗ್ಗುಲಲ್ಲಿ, ನಿಂತದ್ದು ಲಗ್ನದ ಅಕ್ಷತೆ ಬೀಳುವಾಗ ಮಾತ್ರ, ಆಗ ನಡುವೆ ಅಂತರಪಟ ಇತ್ತು. ಆಮೇಲೆ ಅಂತರಪಟದ ಜಾಗದಲ್ಲಿ ಅತ್ತೆ ಪಾರ್ವತೆಮ್ಮ ಬಂದು ಕುಳಿತಳು. ಪಡಸಾಲೆಗೂ ಅಡಿಗೆಮನೆಗೂ ನಡುವಿನ ಹೊಸ್ತಿಲು ಪಾರ್ವತೆಮ್ಮನ ಗಾದಿ. ಹಿರಿಯರ ಎದುರಿಗೆ ಗಂಡಹೆಂಡತಿ ಮಾತಾಡುವುದು ಆ ಮನೆತನದಲ್ಲಿ ಇರಲಿಲ್ಲ. ಮನೆಗೆ ಇದ್ದ ಒಂದೇ ಕಂದೀಲು ಗಂಡಸಿಗೆಂದು ಪಡಸಾಲೆಯಲ್ಲಿ ತೂಗುತ್ತಿತ್ತು, ಹೆಂಗಸರಿಗೆ ಒಲೆಯ ಬೆಳಕು. ಮರಿಲಿಂಗಪ್ಪ ಅಡಿಗೆಮನೆಯ ಕತ್ತಲಲ್ಲಿ ಉಂಡು, ಕತ್ತಲಲ್ಲಿ ಕೈ ತೊಳೆದು, ಸುಖವಾಗಿ ಸಂಸಾರ ಮಾಡಿಕೊಂಡಿದ್ದ.

ಒಂದು ಸಂಜೆ ಅತ್ತೆ ಗುಡಿಗೆ ಹೋದದ್ದು ನೋಡಿ, ಮಲ್ಲಿಕಮ್ಮ ರೊಟ್ಟಿ ನೀಡುತ್ತ ಬಾಯಿ ಬಿಟ್ಟಳು.

"ನನಗೂ ಒಂದಿನ ಗುಡ್ಡ ತೋರಸ್ರಿ."

ಮರಿಲಿಂಗಪ್ಪ ತುತ್ತನ್ನು ತಾಟಿಗೆ ಇಳಿಸಿದ. "ಗುಡ್ಡಾ? ಶಹಾಪುರದಾಗ ಕಣ್ಣು ಬಿಟ್ರ ಗುಡ್ಡ. ಮನಿ ಮುಂದೇ ಮನಿಷ್ಯಾ ಮಲಗಿದಂಗ ಅಂಗಾತ ಮಲಗೇದ, ಹೊರಗ ಹೋಗಿ ನೋಡು."

"ಮಲಗಿದ್ದು ಮನ್ಯಾಗೂ ಒಂದದರಿ. ನೋಡಿ ನೋಡಿ ಸಾಕಾಗೇದ."

ಹಿತ್ತಲ ಗಿಡ ಮದ್ದಲ್ಲ, ದೂರದ ಬೆಟ್ಟ ನುಣ್ಣಗೆ. ಈ ಎರಡು ಗಾದೆಗಳ ನಡುವೆ, ಮೋಟಾರಿನಲ್ಲಿ ಹೋಗಿ ಸಂಜೆಗೆ ತಿರುಗಿ ಬರುವಷ್ಟು ದೂರದಲ್ಲಿ, ಸುರಪುರ ಇದೆ. ಸುತ್ತಲೂ ಗುಡ್ಡ, ಗುಡ್ಡದ ಮೇಲೆ ಊರು, ಊರಲ್ಲಿ ಅರಮನೆ, ಎಲ್ಲಕ್ಕೂ ಮೇಲೆ ಹಿಂದೆ ಯಾವನೋ ಇಂಗ್ಲಿಷ್ ಸಾಹೇಬ ಕಟ್ಟಿಸಿದ ಬಂಗಲೆ. ಸಾಹೇಬನಿಗೆ ಹಿಡಿಸಿದ ಹವಾ ತನಗೆ ಹಿಡಿಸದೆ ಇರುತ್ತದೆಯೇ ಎಂದು ಮರಿಲಿಂಗಪ್ಪ ಲೆಕ್ಕ ಹಾಕಿದ. ಮರುದಿನ ಅಂಗಡಿಯಲ್ಲಿ, "ಡಾಕ್ಟರು ಹವಾ ಬದಲಿ ಮಾಡಂದಾರ, ಹಿಲ್ ಸ್ಟೇಶನ್ನಿಗೆ ಸೈರು, ಅಂದ್ರ ತಿರುಗಾಡಾಕ, ಹೊಂಟೀನಿ" ಎಂದು ಸಾರಿದ. ಯಾವ ಡಾಕ್ಟರೂ ಅವನಿಗೆ ಹಾಗೆ ಹೇಳಿರಲಿಲ್ಲ, ಅವನ ಹವಾ ಚೆನ್ನಾಗಿಯೇ ಇತ್ತು. ಸುದ್ದಿ ಪೇಶ್ಕಾರರ ಕಿವಿಗೂ ಹೋಗಿ, ಅವರು ಊಟಿಗೆ ಒಯ್ದಿದ್ದ ಬೆಳ್ಳಿ ಹಿಡಿಕೆಯ ಛಡಿಯನ್ನೂ ಕಪ್ಪು ಗಾಜಿನ ಧೂಪ್ ಚಷ್ಮಾವನ್ನೂ ತಾವಾಗಿ ತಂದುಕೊಟ್ಟರು. "ಪಾಯಿಂಟ್ ನೋಡಾಕ ಇದು ಬೇಕೇ ಬೇಕು ಮಿಯಾಂ" ಎಂದರು.

ಉಳಿದದ್ದು ಪಾರ್ವತೆಮ್ಮ. ಮುದುಕಿ ಬೇಡವೆನ್ನಲಿಲ್ಲ.

"ಹೋಗ್ರಿ, ಬ್ಯಾಡನ್ನಾಕ ನಾ ಯಾರು? ಆದ್ರ ಜೋಡಿಲೆ ನಡೀಬ್ಯಾಡ್ರಿ. ನಮ್ಮ ಮನತನದಾಗ ಗಂಡಸರು ಮುಂದ, ಹೆಂಗಸರು ಹಿಂದ. ನಿಮ್ಮಪ್ಪ ಇರೂತನಕ ನನ್ನ ಕಡಿ ಒಂದಿನ ಹೊಳ್ಳಿ ನೋಡಿದಾವಲ್ಲ. ನೀನೂ ಹೊಳ್ಳಿ ನೋಡಬ್ಯಾಡ. ನನ್ನ ಆಣಿ ಅದ."

ಬೇರೆ ಮಕ್ಕಳಾಗಿದ್ದರೆ ಆಣೆಯನ್ನು ಊರ ಅಗಸಿ ಬಾಗಿಲಿನ ತನಕ ಪಾಲಿಸಿ, ಅಲ್ಲಿಂದ ಮುಂದೆ ತಮ್ಮ ಮನಸ್ಸಿಗೆ ಬಂದ ಹಾಗೆ ನಡೆಯುತ್ತಿದ್ದರು. ಮರಿಲಿಂಗಪ್ಪ ಅಂಥವನಲ್ಲ. ಆಣೆ ಎಲ್ಲಿಗೆ ಮುಗಿಯುತ್ತದೆ ಎಂದು ಕೇಳಿ ತಿಳಿದುಕೊಳ್ಳುವ ಬುದ್ಧಿ ಅವನ ವಂಶದಲ್ಲೇ ಇರಲಿಲ್ಲ.

ಮುಂಜಾನೆಯ ಮೋಟಾರಿನಲ್ಲಿ ಅವನು ಡ್ರೈವರನ ಮಗ್ಗುಲಿಗೆ ಕುಳಿತ, ಅವಳು ಹಿಂದೆ ಹೆಂಗಸರ ನಡುವೆ. ಸುರಪುರದಲ್ಲಿ ಇಳಿದವನೇ ಶೇರವಾನಿಯ ಗುಂಡಿ ಹಾಕಿಕೊಂಡು, ಕೆಂಪು ರೂಮಿ ಟೋಪಿ ಸರಿಮಾಡಿಕೊಂಡು, ಚಷ್ಮಾ ಏರಿಸಿದ. ಕೂಡಲೇ ಸುರಪುರದಲ್ಲಿ ಕತ್ತಲಾಯಿತು. ಛಡಿ ಊರಿಕೊಂಡು ನಡೆಯತೊಡಗಿದ. ಹಿಂದೆ ಮಲ್ಲಿಕಮ್ಮನ ಬಳೆಗಳ ಸಪ್ಪಳ ಕೇಳುತ್ತಿತ್ತು. ಅದು ಕೇಳುವ ತನಕ ಹೆಂಡತಿ ಇದ್ದಾಳೆಂದೇ ಅರ್ಥ, ತಿರುಗುವ ಕಾರಣವಾದರೂ ಏನು?

ಅಂದು ಸಂತೆ. ಅಗಸಿಯ ಹತ್ತಿರ ಜನವೋ ಜನ. ಅಲ್ಲಿಯೇ ಮಲ್ಲಿಕಮ್ಮನ ಹಳೆಯ ಚಪ್ಪಲಿಯನ್ನು ಸೀಳಿಕೊಂಡು ಒಂದು ಜಾಲಿಮುಳ್ಳು ಅಂಗಾಲಿಗೆ ನಟ್ಟಿತು. ಅವಳು ಬಳೆಗಾರ್ತಿ ದಾವಲಬೀಯ ಅಂಗಡಿಕಟ್ಟೆಯ ಮೇಲೆ ಕುಸಿದು ಕುಳಿತು, ಗಂಡನನ್ನು ಕರೆದಳು. ಗಂಡನ ಹೆಸರು ಹೇಳಿದರೆ ಆತನ ಆಯುಷ್ಯ ಕಡಿಮೆಯಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿದ್ದ ಮಾತೇ. ಆದ್ದರಿಂದ ಎಲ್ಲ ಹೆಂಡಂದಿರ ಹಾಗೆ ಕರೆದಳು.

"ಏನ್ರೀ!"

ಸಂತೆಯಲ್ಲಿದ್ದ ಗಂಡಂದಿರೆಲ್ಲ ಒಮ್ಮೆಗೇ ಹೊರಳಿ ನೋಡಿದರು. ಜೋಳ ಅಳೆಯುತ್ತಿದ್ದ ಒಬ್ಬ ಅಳತೆಯನ್ನು ಅಲ್ಲೇ ಬಿಟ್ಟು "ಬಂದ್ನೆ" ಎಂದ. ಹೊರಳಿ ನೋಡದ ಗಂಡ ಇಡೀ ಸುರಪುರದಲ್ಲಿ ಒಬ್ಬನೇ. ಅವನು ತಾಯಿಯ ಆಣೆಯನ್ನು ನೆನೆಸಿಕೊಂಡು, ಕುತ್ತಿಗೆ ಬಿಗಿ ಹಿಡಿದು, ಇನ್ನಷ್ಟು ಜೋರಾಗಿ ನಡೆದ.

"ಹೆಸರು ಹಿಡದು ಒದರು ತಂಗೀ!" ಎಂದಳು ದಾವಲಬೀ.

"ಗಂಡನ ಹೆಸರು ಹ್ಯಾಂಗ ಹೇಳ್ಲೆವ್ವ?"

"ಹಂಗಾರ ನನಗ ಹೇಳು, ನಾ ಒದರ್ತೀನಿ."

"ನಿಮಗ ಹೇಳಬೇಕಂದ್ರೂ ನಾನೇ ಹೇಳಬೇಕಲ್ಲ!"

ಅಷ್ಟರಲ್ಲಿ ಟೋಪಿಯ ಗೊಂಡೆ ಜನರಲ್ಲಿ ಮುಳುಗಿಹೋಯಿತು. ಮುಳ್ಳು ತೆಗೆದು, ಅರಿಸಿನ ಒತ್ತಿ, ದಾವಲಬೀ ಒಂದು ತೀರ್ಮಾನಕ್ಕೆ ಬಂದಳು. "ಹೋದಾವ ಹೊಳ್ಳಿ ಬಂದೇ ಬರ್ತಾನ. ಎಲ್ಲಿಗೆ ಹೋಗ್ತಾನ, ಸಂಜಿ ಮೋಟಾರು ಒಂದೇ ಅದ. ಊರು ನೋಡಾಕ ಬಂದೀದಿ, ನಡಿ, ನಾ ತೋರಸ್ತೀನಿ." ಅಂಗಡಿಗೆ ಬೀಗ ಜಡಿದು, ಮಲ್ಲಿಕಮ್ಮನ ಕೈ ಹಿಡಿದು, ಬಾಜೂಕ ನಡೆಯುತ್ತ ಹೊರಟೇಬಿಟ್ಟಳು.

ಇತ್ತ ಮರಿಲಿಂಗಪ್ಪನ ಬೆನ್ನ ಹಿಂದೆ ಖಾಲಿಬಿದ್ದ ಜಾಗಕ್ಕೆ ತಿಮ್ಮವ್ವ ಎಂಬ ಮುದುಕಿ ಬಂದು ಸೇರಿದಳು. ಅವಳು ಗುಡ್ಡದ ಮೇಲಿನ ಬಂಗಲೆಯ ಕಸ ಹೊಡೆಯುವವಳು, ಅವಳ ಗಂಡ ಮಾನಪ್ಪ ಅಲ್ಲಿನ ಕಾವಲುಗಾರ. ತಲೆಯ ತುಂಬ ಸೆರಗು ಹೊದ್ದು, ತನ್ನ ಪಾಡಿಗೆ ತಾನು ಕೆಲಸಕ್ಕೆ ಹೊರಟಿದ್ದಳು. ಸೊಂಟಕ್ಕೆ ಸಿಕ್ಕಿಸಿದ ಬಂಗಲೆಯ ಬೀಗದ ಕೈಗಳು ಝಣಝಣ ಅನ್ನುತ್ತಿದ್ದವು. ಮರಿಲಿಂಗಪ್ಪನಿಗೆ ಬಳೆಯೇ ಅನಿಸಿತು.

ಜನ ಕಡಿಮೆಯಾದ ಮೇಲೆ ಅವನ ನಾಲಿಗೆ ಸಡಿಲಾಯಿತು. ಪೇಶ್ಕಾರರಿಗಿಂತ ತಾನೇನು ಕಡಿಮೆ? ಛಡಿಯನ್ನು ಎಡಕ್ಕೆ ಚಾಚಿ ಹೇಳಿದ. "ನೋಡು, ಇದು ರಾಜರ ಕುದುರಿ ಕಟ್ಟೂ ಜಾಗ. ಕುದುರಿ ಪಾಯಿಂಟು ಅಂತಾರ ಇದಕ್ಕ."

ಅದು ಒಬ್ಬ ವ್ಯಾಪಾರಿ ಹೋದ ವರ್ಷ ಶೇಂಗಾ ತುಂಬಲು ಕಟ್ಟಿಸಿದ ಕೋಠಿ.

"ಹೂಂ" ಎಂದಳು ತಿಮ್ಮವ್ವ.

"ಅಗೋ ಆ ದೊಡ್ಡ ಬಂಡಿ ಕಾಣತದಲ್ಲ, ಅಲ್ಲಿ ರಾಣ್ಯಾರು ಕುಂತು ಕೂದಲಾ ಒಣಗಿಸಿಗೋತಿದ್ರು. ರಾಣಿ ಪಾಯಿಂಟು."

ಅದು ಅಗಸರು ಬಟ್ಟೆ ಒಗೆಯುವ ಬಂಡೆ.

"ಹೂಂ."

ಮನೆಯಲ್ಲಿ ಒಂದು ಮಾತಿಗೆ ಎರಡು ತಿರುಗಿಸಿ ಕೊಡುವ ಹೆಂಡತಿ ಇಂದು ಎಷ್ಟು ನಯವಾಗಿದ್ದಾಳೆ! ಇದು ಹವೆಯ ಗುಣವೇ ಎಂದು ಮರಿಲಿಂಗಪ್ಪ ಅರಿತ. ಉಬ್ಬಿಹೋಗಿ ಹುಣಸೆಮರಕ್ಕೊಂದು ಪಾಯಿಂಟು, ಹಾಳುಬಾವಿಗೊಂದು ಪಾಯಿಂಟು, ದಾರಿಯಲ್ಲಿ ಮೆಲುಕು ಹಾಕುತ್ತ ನಿಂತ ಎಮ್ಮೆಗೂ ಒಂದು ಪಾಯಿಂಟು ಹಚ್ಚುತ್ತ ಗುಡ್ಡ ಏರಿದ. ಎಮ್ಮೆಯನ್ನು ಅವನು ರಾಜರ ಕಾಲದ ಫಿರಂಗಿ, ಹಳೆಯ ತೋಪು, ಎಂದು ತಿಳಿದಿದ್ದ, ತಪ್ಪು ಚಷ್ಮಾದ್ದು.

ಮೇಲೆ ಬಂಗಲೆಯ ಮುಂದೆ ಗಾಳಿ ಭರ್ರೆಂದು ಬೀಸುತ್ತಿತ್ತು. ಒಂದು ನರಪಿಳ್ಳೆಯೂ ಇರಲಿಲ್ಲ. ಮರಿಲಿಂಗಪ್ಪ ಬಯಲಿನ ಕಡೆ ಮುಖ ಮಾಡಿ ನಿಂತ. ಅವನ ಎದೆ ಯಾಕೋ ತುಂಬಿಬಂತು. ಪಾಪ, ಇಷ್ಟು ವರ್ಷಗಳಲ್ಲಿ ಅವಳೊಂದಿಗೆ ಒಂದು ಒಳ್ಳೆಯ ಮಾತು ಆಡಿಲ್ಲವಲ್ಲ ಎಂದು ನಿಜವಾಗಿಯೂ ನೊಂದ. ತಾಯಿಗೆ ಕಾಣದಂತೆ ಕೊಂಡು ತಂದಿದ್ದ ಪೇಡೆಯ ಪೊಟ್ಟಣವನ್ನು ಕಿಸೆಯಿಂದ ತೆಗೆದು, ಒಂದನ್ನು ಹಿಂದೆ ತಿರುಗದೆಯೇ ಹೆಗಲ ಮೇಲಿಂದ ಚಾಚಿದ. ಯಾರೋ ತೆಗೆದುಕೊಂಡರು.

"ನಿನಗೊಂದು ಮಾತು ಹೇಳಬೇಕು" ಎಂದ. "ನಮ್ಮವ್ವನ ಮುಂದ ಸತ್ರೂ ಬಾಯಿ ಬಿಡಬ್ಯಾಡ. ನೀ ಬಡದ ರೊಟ್ಟಿ... ನಮ್ಮವ್ವನ ರೊಟ್ಟಿಕಿಂತ ಮೆತ್ತಗಿರ್ತಾವ."

ನಮ್ಮ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಪ್ರೇಮದ ಮಾತು ಇಲ್ಲ. ಇದನ್ನು ಹೇಳಿ ಮನೆಯಿಂದ ಹೊರಬಿದ್ದ ಗಂಡಸರಿದ್ದಾರೆ. ಮರಿಲಿಂಗಪ್ಪ ಉಸಿರು ಹಿಡಿದು ನಿಂತ. ಈ ಸಲ ಹಿಂದಿನಿಂದ 'ಹೂಂ' ಬರಲಿಲ್ಲ. ಹಲ್ಲಿಲ್ಲದ ಬಾಯಿ ಪೇಡೆಯನ್ನು ಲೊಟ್ಟೆ ಹೊಡೆದು ನುಂಗುವ ಸಪ್ಪಳ ಬಂತು.

"ಬಾಳ ಚಲೋ ಅದರಿ ಸಾಹೇಬ್ರ. ಇನ್ನೊಂದು ಅದ ಏನ್ರಿ?"

ಆಣೆ ಮುರಿಯಿತು. ಮರಿಲಿಂಗಪ್ಪ ಎಷ್ಟು ಜೋರಾಗಿ ತಿರುಗಿದನೆಂದರೆ, ಟೋಪಿಯ ಗೊಂಡೆ ಅವನಿಗಿಂತ ಆಮೇಲೆ ಬಂದು ಮುಖಕ್ಕೆ ಬಡಿಯಿತು. ಚಷ್ಮಾ ಕೆಳಗೆ ಬಿತ್ತು.

"ನೀ ಯಾರ?"

"ನಾ ತಿಮ್ಮವ್ವ."

"ನನ್ನ ಹೆಂಡ್ತಿ ಎಲ್ಲಿ?"

"ನಿಮ್ಮ ಹೆಂಡ್ತೀನ ನನಗ ಕೇಳಿದ್ರ?"

"ಹಂಗಾರ ದಾರಿ ತುಂಬ ಹೂಂ ಹೂಂ ಅಂದಾಕಿ ಯಾರು?"

"ನಾನೇರಿ. ಬಂಗಲಾಕ್ಕ ಬರೂ ದೊಡ್ಡ ಮಂದಿ ತಮ್ಮಷ್ಟಕ್ಕ ತಾವೇ ಮಾತಾಡ್ತಾರ್ರಿ. ಏನಂದ್ರೂ ಹೂಂ ಅನ್ನು, ಇಲ್ಲಾಂದ್ರ ಕಸಾ ಸರಿ ಹೊಡದಿಲ್ಲಂತ ಫಿರ್ಯಾದಿ ಮಾಡ್ತಾರ ಅಂತ ನನ್ನ ಗಂಡ ಹೇಳಿಕೊಟ್ಟಾನ್ರಿ. ನೀವು ಎಮ್ಮಿಗೆ ತೋಪು ಅಂದ್ರಿ, ಅದಕ್ಕೂ ಹೂಂ ಅಂದೀನ್ರಿ."

ಮರಿಲಿಂಗಪ್ಪ ಗುಡ್ಡ ಇಳಿದ ರೀತಿಯನ್ನು ನಡಿಗೆ ಎನ್ನುವಂತಿಲ್ಲ, ಉರುಳಾಟ ಎನ್ನುವಂತಿಲ್ಲ, ಎರಡರ ನಡುವಿನ ಏನೋ ಒಂದು. ಹಿಂದೆಯೇ ತಿಮ್ಮವ್ವ ಬೀಗದ ಕೈ ಝಣಗುಡಿಸುತ್ತ ಬಂದಳು. ಅಗಸಿಗೆ ಬಂದು ನೋಡುತ್ತಾನೆ, ಸಂತೆಯ ತುಂಬ ಮಲ್ಲಿಕಮ್ಮ ಉಟ್ಟಂಥದೇ ಹಸಿರು ಇಳಕಲ್ ಸೀರೆ, ತಲೆಯ ತುಂಬ ಸೆರಗು. ಯಾರನ್ನು ಕೇಳುವುದು, ಏನೆಂದು ಕೇಳುವುದು? ಕೇಳದಿದ್ದರೂ ಊರು ಉತ್ತರ ಕೊಡತೊಡಗಿತು.

"ಹೆಂಡ್ತೀನ ಕಳಕೊಂಡಾನಂತ."

"ಕಳಕೊಂಡಾನೋ, ಬಿಟ್ಟು ಬಂದಾನೋ?"

"ಗುಡ್ಡದ ಮ್ಯಾಲೆ ಮಾನಪ್ಪನ ಹೇಣ್ತಿ ಕೂಡ ಸಿಕ್ಕಾನಂತ!"

"ತಿಮ್ಮವ್ವನ ಕೂಡ? ಯಪ್ಪಾ, ಕಣ್ಣಿಲ್ಲೇನು ಆತಗ?"

ಕೊನೆಗೆ ಜನರೇ ಅವನನ್ನು ಠಾಣೆಗೆ ಮುಟ್ಟಿಸಿದರು. ಠಾಣೆಯ ಮುಖ್ಯಸ್ಥ ಅಮೀನ್ ವಹಾಬ ಸಾಹೇಬರು ಆಗಷ್ಟೇ ಊಟ ಮುಗಿಸಿ ಪಾನು ಹಾಕಿಕೊಂಡಿದ್ದರು. ಹೊತ್ತು ಮುಳುಗುವ ಮುಂಚೆ ಮೋಟಾರು ಹೊರಡುತ್ತದೆ, ಅಷ್ಟರೊಳಗೆ ಹೆಂಡತಿ ಬೇಕು ಎಂದು ಮರಿಲಿಂಗಪ್ಪ ಕೈಮುಗಿದ. ಇಲ್ಲದಿದ್ದರೆ ತಾಯಿಗೆ ಏನು ಹೇಳಲಿ, ಅವಳ ತವರಿಗೆ ಯಾವ ಮುಖ ತೋರಿಸಲಿ?

"ಔರತ್ ಕಾ ನಾಮ್?"

ಮರಿಲಿಂಗಪ್ಪ ನಾಚಿಕೆಯಿಂದ ಪಿಸುಗುಟ್ಟಿದ.

"ಜೋರಿಲೆ ಬೋಲೋ!"

"ಮಲ್ಲಿಕಮ್ಮ!" ಎಂದು ಚೀರಿದ. ಗುಂಪಿನಲ್ಲಿದ್ದ ಮೂವರು ಹೆಂಗಸರು "ಆಂ?" ಎಂದರು. ಮೂವರೂ ಇವನವರಲ್ಲ ಎಂದು ಅವರವರ ಗಂಡಂದಿರು ತಿಳಿಸಿದರು.

"ಹೆಸರಿನಿಂದ ಕೆಲಸ ಆಗೂದಿಲ್ಲ. ಹುಲಿಯಾ, ಗುರುತು ಹೇಳು. ಮುಖ ಚಹರಾ ಹ್ಯಾಂಗದ? ಎತ್ತರ ಎಷ್ಟದಾಳ?"

"ಅಡಿಗಿಮನಿ ಬಾಗಲಾ ಬಗ್ಗಿ ದಾಟ್ತಾಳ್ರಿ."

"ಬಾಗಲಾ ಎಷ್ಟು ಎತ್ತರದ?"

"ಬಾಳ ಗಿಡ್ಡದರಿ. ನಾನೂ ಬಗ್ಗೇ ದಾಟ್ತೀನಿ."

"ಬಣ್ಣ?"

"ಒಲಿ ಮುಂದ ಕೆಂಪಗ ಕಾಣ್ತಾಳ್ರಿ. ಒಲಿ ಆರಿದ ಮ್ಯಾಲೆ ಕಾಣೂದಿಲ್ರಿ."

"ಕಣ್ಣು?"

"ಎರಡವರಿ."

"ಮೂಗು?"

"ಮೂಗಬಟ್ಟು ಅದರಿ."

"ಅರೇ ಮೂಗಬಟ್ಟಲ್ಲೋ, ಮೂಗು, ಮೂಗು!"

"ಅದರ ಹಿಂದ ಅದರಿ."

ಅಮೀನರು ಪಾನು ಉಗುಳಿ ಬಂದು, ಸಮಾಧಾನ ತಂದುಕೊಂಡು ಕೇಳಿದರು. "ಹಗಲಹೊತ್ತು ಎಂದಾದ್ರೂ ಮುಖ ನೋಡೀದೇನು?"

ಮರಿಲಿಂಗಪ್ಪ ಬಹಳ ಹೊತ್ತು ನೆನಪು ಮಾಡಿಕೊಂಡ. "ಹಗಲಿನ್ಯಾಗ ನೋಡಿಲ್ರಿ" ಎಂದ. "ನಮ್ಮವ್ವ ಇರ್ತಾಳ್ರಿ."

ಆಗ ಮೊದಲ ಸಲ ಮರಿಲಿಂಗಪ್ಪನಿಗೆ ನಿಜವಾದ ಭಯ ಹುಟ್ಟಿತು. ಸುರಪುರದ ಹೆಂಗಸರನ್ನೆಲ್ಲ ತಂದು ಮುಂದೆ ನಿಲ್ಲಿಸಿದರೂ ತನ್ನವಳು ಯಾರೆಂದು ತೋರಿಸಲು ತನಗೆ ಬರುವುದಿಲ್ಲ ಎಂಬುದು ಹೊಳೆಯಿತು. ಅವನ ಕಣ್ಣಲ್ಲಿ ನೀರು ಬಂತು. ಅಮೀನರ ತರ್ಕ ಬೇರೆಯೇ ಓಡಿತ್ತು. ಹೆಂಡತಿಯ ಮುಖ ಗೊತ್ತಿಲ್ಲದವನು ಗಂಡನೇ ಅಲ್ಲ, ಯಾರದೋ ಹೆಂಡತಿಯನ್ನು ಹಾರಿಸಲು ಬಂದ ಆಸಾಮಿ ಇರಬೇಕು.

"ಗುಡ್ಡದ ಮ್ಯಾಲೆ ಏನ್ ಮಾಡ್ದ ಇಂವ?" ಎಂದು ತಿಮ್ಮವ್ವನನ್ನು ಕೇಳಿದರು.

ತಿಮ್ಮವ್ವ ಸುಳ್ಳು ಹೇಳುವವಳಲ್ಲ. "ಪೇಡೆ ತಿನಿಸಿದ್ರಿ. ನಿನ್ನ ರೊಟ್ಟಿ ನಮ್ಮವ್ವನ ರೊಟ್ಟಿಕಿಂತ ಮೆತ್ತಗಂತ ಅಂದ್ರಿ. ನಮ್ಮವ್ವನ ಮುಂದ ಹೇಳಬ್ಯಾಡ ಅಂದ್ರಿ. ನಾ ಯಾರ ಮುಂದನೂ ಹೇಳಿಲ್ರಿ."

ಆ ಗುಂಪಿನಲ್ಲಿ ಶಹಾಪುರದ ಮೋಟಾರಿನ ಡ್ರೈವರನಿದ್ದ, ಶಹಾಪುರದಿಂದ ಸಂತೆಗೆ ಬಂದ ಅರ್ಧ ಓಣಿಯಿತ್ತು. ಎಲ್ಲರೂ ಒಬ್ಬರನ್ನೊಬ್ಬರು ನೋಡಿಕೊಂಡರು. ತಿಮ್ಮವ್ವನ ಗಂಡ ಮಾನಪ್ಪ ಮುಂದೆ ಬಂದು, ಜನರೆಲ್ಲ ಬಡಿದಾಟ ಕಾಯುತ್ತಿರುವಾಗ, ಹೆಂಡತಿಗೆ ಮಾತ್ರ ಒಂದು ಮಾತು ಕೇಳಿದ. "ಒಬ್ಬಾಕೀನೇ ತಿಂದೇನು? ನನಗೊಂದು ತರಬೇಕಿಲ್ಲೇನು?"

ಅಮೀನರು ಮರಿಲಿಂಗಪ್ಪನನ್ನು ಒಳಗೆ ಹಾಕಿಸಿದರು. ಅಲ್ಲಿ ಮೊದಲೇ ಒಬ್ಬ ಕೋಳಿ ಕಳ್ಳನೂ, ಬೋನಾಳದ ಕೆರೆಯ ಮೀನಿಗಾಗಿ ಹೊಡೆದಾಡಿದ ಇಬ್ಬರೂ ಇದ್ದರು.

ಹೊತ್ತು ಇಳಿಯುತ್ತಿದ್ದಾಗ ಠಾಣೆಯ ಮೆಟ್ಟಿಲು ಹತ್ತಿ ದಾವಲಬೀ ಬಂದಳು. ಅವಳ ಬಾಜೂಕ ಮಲ್ಲಿಕಮ್ಮ. ತಲೆಯಲ್ಲಿ ದುಂಡುಮಲ್ಲಿಗೆ, ಕೈತುಂಬ ಹೊಸ ಬಳೆ, ಸೆರಗಿನಲ್ಲಿ ಚುರುಮುರಿ, ಒಂದು ಕೈಯಲ್ಲಿ ಅರ್ಧ ಕಡಿದ ಮೆಣಸಿನಕಾಯಿ ಭಜಿ. ಅರಮನೆ ನೋಡಿದ್ದಳು, ಗುಡಿ ನೋಡಿದ್ದಳು, ದಾವಲಬೀಯ ಅಕ್ಕನ ಮನೆಯಲ್ಲಿ ಚಹಾ ಕುಡಿದಿದ್ದಳು. ಇಷ್ಟಾದ ಮೇಲೂ ಗಂಡ ತಿರುಗಿ ಬಂದಿಲ್ಲವೆಂದು ತಿಳಿದಾಗ ಮಾತ್ರ ಭಜಿಯನ್ನು ಅರ್ಧಕ್ಕೇ ಬಿಟ್ಟು ಠಾಣೆಗೆ ಬಂದಿದ್ದಳು.

"ನಮ್ಮ ಮನಿಯವರು ಕಳದಾರ್ರಿ" ಎಂದಳು.

ಅಮೀನರು ಕಣ್ಣುಜ್ಜಿಕೊಂಡರು. ಒಂದೇ ದಿನ ಒಬ್ಬನ ಹೆಂಡತಿ, ಒಬ್ಬಳ ಗಂಡ! ಜೋಡಿಸಿ ಕೊಟ್ಟುಬಿಡಬಹುದಿತ್ತು. ಆದರೆ ಅವರು ಕಾಯಿದೆಯ ಮನುಷ್ಯ. "ಒಬ್ಬ ಗಂಡ ಒಳಗಿದ್ದಾನ. ಯಾರ ಗಂಡ ಅಂತ ತಹಕೀಕಾತ್ ಆಗಬೇಕು. ನಿನ್ನ ಗಂಡನ ಹೆಸರು?"

ಮಲ್ಲಿಕಮ್ಮ ಸೆರಗನ್ನು ಬಾಯಿಗೆ ಹಿಡಿದಳು.

"ಅದು ಬರೂದಿಲ್ಲ ಸಾಬ್" ಎಂದಳು ದಾವಲಬೀ. "ನಾ ಮುಂಜಾನಿಂದ ಕೇಳಾಕತ್ತೀನಿ."

"ಹುಲಿಯಾ ಆದ್ರೂ ಹೇಳ್ತಾಳೋ ಇಲ್ಲೋ?"

"ಹಿಂದಿಂದು ಹೇಳ್ಲೇನ್ರಿ?" ಎಂದು ಕೇಳಿ, ಮಲ್ಲಿಕಮ್ಮ ನೆಲ ನೋಡುತ್ತ ಶುರು ಮಾಡಿದಳು. "ಎಡಗಿವಿ ಬಲಗಿವಿಕಿಂತ ಒಂದೀಟು ಅಗಲ. ಕುತ್ತಿಗಿ ಮ್ಯಾಲೆ ಎರಡು ಮಡಿಕಿ, ಕೆಳಗಿನ ಮಡಿಕ್ಯಾಗ ಎಳ್ಳಿನಷ್ಟು ಕರೀ ಮಚ್ಚಿ. ನಡಿಯಾಗ ಬಲ ಹೆಗಲು ತಗ್ಗತದ. ಯಾರಮ್ಯಾಗರ ಸಿಟ್ಟು ಬಂದ್ರ ಎರಡೂ ಹೆಗಲು ಏರ್ತಾವ. ಶೇರವಾನಿ ಬೆನ್ನಿಗೆ ನಾನೇ ತ್ಯಾಪಿ ಹಚ್ಚೀನಿ, ಯಾರಿಗೂ ಕಾಣಬಾರದಂತ ಒಳಗಿಂದ ಹೊಲದೀನಿ. ಬಲಗಾಲಿನ ಹಿಮ್ಮಡ ಒಡದದ. ಎಣ್ಣಿ ಕೈಗೆ ಕೊಟ್ರ ಹಚ್ಚಿಗೋತಾರ, ಕೊಡದಿದ್ರ ಇಲ್ಲ."

"ಶಾಬಾಸ್! ಮುಖ?"

"ಮುಖದ್ದು ನನಗ ಖಾತ್ರಿ ಇಲ್ರಿ. ನನ್ನ ಕಡಿ ತಿರುಗಿದ್ರಲ್ಲೇನ್ರಿ ನೋಡೂದು?"

ಅಮೀನರ ಇಡೀ ನೌಕರಿಯಲ್ಲಿ ಇಂಥ ಹುಲಿಯಾ ಯಾರೂ ಹೇಳಿರಲಿಲ್ಲ. ಕೂಡಲೇ ಗುರುತು ಹಿಡಿಸುವ ಹುಕುಂ ಆಯಿತು. ಕೋಳಿ ಕಳ್ಳ, ಮೀನಿನ ಜಗಳಗಂಟರು, ಮರಿಲಿಂಗಪ್ಪ, ಸಾಲು ಉದ್ದವಾಗಲೆಂದು ಮಾನಪ್ಪ, ಡ್ರೈವರ, ಒಬ್ಬ ಜವಾನ, ಎಲ್ಲರನ್ನೂ ಅಂಗಳದಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಸುರಪುರದ ಜನ ಕಾಂಪೌಂಡಿನ ಮೇಲೆ ಏರಿ ಕುಳಿತರು. ಮಲ್ಲಿಕಮ್ಮ ಸಾಲಿನ ಹಿಂದೆ ಒಮ್ಮೆ ನಡೆದಳು. ಎರಡನೆಯ ಸಲ ನಡೆಯುವ ಕೆಲಸವೇ ಬೀಳಲಿಲ್ಲ.

"ಇವ್ರೇ ನೋಡ್ರಿ. ಅತ್ತಾರ, ಹೆಗಲು ಅಳ್ಳಾಡಾಕತ್ತಾವ."

ಮರಿಲಿಂಗಪ್ಪ ಗೋಡೆಯ ಕಡೆಗೇ ನಿಂತು ಕೇಳಿದ. "ಸಾಹೇಬ್ರ, ಈಗರ ತಿರುಗ್ಲೇನ್ರಿ?"

"ತಿರುಗೋ ಗಧೇ!"

ತಿರುಗಿದ. ಇಳಿಬಿಸಿಲು ನೇರವಾಗಿ ಅವಳ ಮುಖದ ಮೇಲೆ ಬಿದ್ದಿತ್ತು. ಗದ್ದದ ಮೇಲೆ ಹಚ್ಚೆಯ ಹಸಿರು ಚುಕ್ಕೆ ಇತ್ತು, ಒಂದು ಹುಬ್ಬಿನ ನಡುವೆ ಯಾವಾಗಲೋ ಬಿದ್ದ ಗಾಯದ ಗೆರೆ ಇತ್ತು. ಕಣ್ಣು ಅವನು ತಿಳಿದಿದ್ದಂತೆ ಕಪ್ಪಲ್ಲ, ಬೆಲ್ಲದ ಬಣ್ಣ. ಅವಳೂ ತಲೆ ಎತ್ತಿ, ಈ ಮನುಷ್ಯನಿಗೆ ಮುಂದಿನಿಂದಲೂ ಒಂದು ಮಗ್ಗುಲು ಇದೆಯೆಂದು ಆಗಷ್ಟೇ ತಿಳಿದವಳಂತೆ ನೋಡುತ್ತಿದ್ದಳು. ಮರಿಲಿಂಗಪ್ಪನಿಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಹಾಗಾದಾಗ ಅವನು ಏನಾದರೊಂದು ದಡ್ಡತನದ ಮಾತಾಡದೆ ಇರುವವನಲ್ಲ.

"ಅಮೀನ್ ಸಾಹೇಬ್ರ, ಬರಕೊಳ್ರಿ. ಗದ್ದದ ಮ್ಯಾಲೆ ಹಚ್ಚಿ ಅದ. ಕಣ್ಣು ಬೆಲ್ಲದ ಬಣ್ಣ."

"ಕೇಸ್ ಖತಂ ಆತು! ಇನ್ನ ಯಾತಕ್ಕ ಬರಕೊಳ್ಳಿ?"

"ಮತ್ತ ಕಳದ್ರ ಬೇಕಾಗ್ತದರಿ."

ಮೋಟಾರಿನ ಭೋಂಗಾ ಆಗುತ್ತಿತ್ತು. ತಿಮ್ಮವ್ವ ಮಲ್ಲಿಕಮ್ಮನ ಕೈ ಹಿಡಿದು ಮಗ್ಗುಲಿಗೆ ಕರೆದಳು. "ತಂಗೀ, ನಿಂದೊಂದು ಮಾತು ನನ್ನ ಕಡಿ ಬಂದಿತ್ತು" ಎಂದು ಕಿವಿಯಲ್ಲಿ ಹೇಳಿದಳು. "ಪೇಡೆ ನಾ ತಿಂದೀನಿ. ಅದರ ಮಾತು ನಿಂದು, ನೀ ಇಟಗೋ." ಮಲ್ಲಿಕಮ್ಮನ ಮುಖ ಒಲೆಯಿಲ್ಲದೆಯೇ ಕೆಂಪಾಯಿತು.

ಶಹಾಪುರ ಮುಟ್ಟಿದಾಗ ಇನ್ನೂ ಬೆಳಕಿತ್ತು. ಮೋಟಾರಿನಿಂದ ಇಳಿದು ಅವಳು ಎಂದಿನಂತೆ ಅವನ ಹಿಂದೆ ಹೋಗಿ ನಿಂತಳು. ಮರಿಲಿಂಗಪ್ಪ ನಡೆಯಲಿಲ್ಲ.

"ನೀ ಮುಂದ ನಡಿ."

"ಮಂದಿ ನೋಡ್ತಾರ್ರಿ."

"ನೋಡ್ಲಿ. ನನ್ನ ಕಣ್ಣಿಗೆ ಕಾಣೂಹಂಗ ನಡಿ."

ಹೆಂಡತಿ ಮುಂದೆ, ಗಂಡ ಹಿಂದೆ. ಓಣಿಯಲ್ಲಿ ಹೆಂಗಸರು ರೊಟ್ಟಿಯ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು. ತಿಪಾಯಿಯ ಮೇಲೆ ನಿಂತ ಗೌಹರಬೇಗಮ್ಮನವರು ಎದೆಯ ಮೇಲೆ ಕೈಯಿಟ್ಟುಕೊಂಡು, "ಯಾ ಅಲ್ಲಾ! ಊಟಿನ್ಯಾಗೂ ಇದನ್ನ ನೋಡಿದ್ದಿಲ್ಲ!" ಎಂದರು.

ಪಾರ್ವತೆಮ್ಮ ಹೊರಬಾಗಿಲಿನ ಹೊಸ್ತಿಲ ಮೇಲೆ ಕುಳಿತಿದ್ದಳು. ಚುರುಕುಗಾಲಿನ ಮಂದಿ ಮೋಟಾರಿನಿಂದ ಇಳಿದು ಮುಂದೆ ಬಂದು, ರೊಟ್ಟಿಯ ಸುದ್ದಿಯನ್ನು ಆಗಲೇ ಅವಳಿಗೆ ಮುಟ್ಟಿಸಿದ್ದರು. ಅದು ಅವಳ ಮುಖದಲ್ಲೇ ಕಾಣುತ್ತಿತ್ತು. ಮರಿಲಿಂಗಪ್ಪನ ಎರಡೂ ಹೆಗಲು ಕುಗ್ಗಿದವು, ಅದನ್ನು ನೋಡಲು ಈ ಸಲ ಹಿಂದೆ ಯಾರೂ ಇರಲಿಲ್ಲ.

"ಸುರಪುರದಾಗ ಏನೇನ್ ನೋಡಿ ಬಂದ್ಯೋ?" ಎಂದಳು ಪಾರ್ವತೆಮ್ಮ.

ಕುದುರೆ ಪಾಯಿಂಟು, ರಾಣಿ ಪಾಯಿಂಟು ಎಲ್ಲ ಅವನ ನಾಲಿಗೆಯ ತುದಿಯಲ್ಲಿದ್ದವು. ಯಾವುದೂ ಹೊರಗೆ ಬರಲಿಲ್ಲ.

"ಇಕೀನ ನೋಡ್ದೆವ್ವ" ಎಂದ.

"ಅದಕ್ಕ ಸುರಪುರ ಯಾಕ? ಮನ್ಯಾಗೇ ಇದ್ಲಲ್ಲ!"

"ಮನ್ಯಾಗ ಬೆಳಕಿಲ್ಲವ್ವ."

ಮುದುಕಿ ಮಗನನ್ನು ನೋಡಿದಳು, ಸೊಸೆಯನ್ನು ನೋಡಿದಳು. ಬಯ್ಗುಳಕ್ಕೆಂದು ತೆರೆದ ಬಾಯಲ್ಲಿ ಬೇರೆ ಮಾತು ಬಂತು.

"ನಿಮ್ಮಪ್ಪ ನನ್ನ ಮುಂದ ನಡಕೋತ ನಡಕೋತ ಸತ್ತ" ಎಂದಳು. "ಈಗೂ ಸಂತ್ಯಾಗ ನಿಂದ್ರಿಸಿದ್ರ ಬೆನ್ನು ಗುರುತು ಹಿಡೀತೀನಿ. ಮುಖ ಹ್ಯಾಂಗಿತ್ತಂತ ಕೇಳಿದ್ರ... ಹೇಳಾಕ ಬರೂದಿಲ್ಲ ನನಗ."

ಗೋಡೆಯ ಮೇಲಿನ ಗೌಹರಬೇಗಮ್ಮನವರು ತಿಪಾಯಿಯಿಂದ ಸದ್ದಿಲ್ಲದೆ ಇಳಿದರು. ಪಾರ್ವತೆಮ್ಮ ಮೊಣಕಾಲಿಗೆ ಕೈಯೂರಿ ಎದ್ದು ಪಡಸಾಲೆಗೆ ಹೋದಳು, ಗೂಟಕ್ಕೆ ತೂಗುತ್ತಿದ್ದ ಕಂದೀಲನ್ನು ಬಿಚ್ಚಿಕೊಂಡಳು, ಅಡಿಗೆಮನೆಯ ಗಿಡ್ಡ ಬಾಗಿಲನ್ನು ಬಗ್ಗಿ ದಾಟಿ ಒಲೆಯ ಎದುರಿಗೆ ಅದನ್ನು ಹಚ್ಚಿ ತೂಗುಹಾಕಿದಳು. ಆಮೇಲೆ ಒಳಗಿನಿಂದಲೇ ಕೂಗಿದಳು.

"ಕೈಕಾಲು ತೊಳ್ಕೊಂಡು ಬರ್ರಿ ಇಬ್ರೂ. ಇಲ್ಲೇ ಬೆಳಕಿನಾಗ ಕುಂದರ್ರಿ. ಅಕಿ ರೊಟ್ಟಿ ಬಡೀಲಿ, ಇವತ್ತ ನಾನೂ ತಿಂತೀನಿ. ಎಷ್ಟು ಮೆತ್ತಗ ಅದಾವ ನೋಡೇಬಿಡೂಣು."